ಪುಸ್ತಕದ ಚೀಲ ಹೊತ್ತು

(ಹಾವೇರಿಯಲ್ಲಿ ಓದುಗರ ಮುಂದೆ ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ನಿನ್ನೆ ಸಂಜೆ ದಾವಣಗೆರೆಯಲ್ಲಿ ಬಸ್ ಹತ್ತಿದೆ. ಕೈಯಲ್ಲಿ ಎರಡು ಚೀಲ. ಕಂಡಕ್ಟರ್ ಒಂದು ಚೀಲವನ್ನು ಮೆಲ್ಲಗೆ ಒತ್ತಿ ನೋಡಿದರು. “ಏನಕ್ಕಾ ಇದು, ಅಕ್ಕಿನಾ?” ಅಂದರು. “ಅಲ್ಲ, ಪುಸ್ತಕ” ಅಂದೆ. “ಸ್ಕೂಲಿಗಾ?” “ಅಲ್ಲ, ನಾನು ಬರೆದದ್ದು.” ಅವರು ಚೀಲ ನೋಡಿದರು, ನನ್ನನ್ನು ನೋಡಿದರು. “ಇಷ್ಟೂ ನೀವೇ ಬರೆದದ್ದಾ?” ಅಂದರು. ಎಲ್ಲವೂ ಒಂದೇ ಪುಸ್ತಕ, 60 ಪ್ರತಿ ಇವೆ ಅಂತ ಬಿಡಿಸಿ ಹೇಳುವಷ್ಟರಲ್ಲಿ ಅವರು ಹಿಂದಿನ ಸೀಟಿಗೆ ಹೋಗಿಯಾಗಿತ್ತು. ನನಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್. ಪುಸ್ತಕಕ್ಕೆ ಲಗೇಜ್ ಟಿಕೆಟ್. ಲೇಖಕಿ ಪುಕ್ಕಟೆ, ಪುಸ್ತಕಕ್ಕೆ ದುಡ್ಡು. ಲೆಕ್ಕ ಸರಿಯಾಗಿಯೇ ಇದೆ ಅನ್ನಿಸಿತು.

ಇವತ್ತು ನನಗೆ ಕೊಟ್ಟಿರುವ ವಿಷಯ, ಲೇಖಕರು ಪುಸ್ತಕ ಪ್ರವಾಸಕ್ಕೆ ತಯಾರಾಗುವುದು ಹೇಗೆ ಅಂತ. ಮೊದಲೇ ಹೇಳಿಬಿಡುತ್ತೇನೆ. ಇದು ನನ್ನ ಮೊದಲ ಪ್ರವಾಸ. ಏಳು ಊರಿನಲ್ಲಿ ಮೂರು ಮುಗಿದಿವೆ, ಹಾವೇರಿ ನಾಲ್ಕನೆಯದು. ಅನುಭವಿ ಅಂತ ಹೇಳಿಕೊಳ್ಳುವ ಹಾಗಿಲ್ಲ. ಆದರೆ ತಯಾರಿಯ ಬಗ್ಗೆ ಮಾತಾಡಲು ಇದೇ ಒಳ್ಳೆಯ ಹೊತ್ತು. ಎಲ್ಲ ಮುಗಿಸಿ ಮನೆಗೆ ಹೋದ ಮೇಲೆ ಕೇಳಿದರೆ ‘ತುಂಬಾ ಚೆನ್ನಾಗಿ ಆಯಿತು’ ಅಂದುಬಿಡುತ್ತೇನೆ. ಈಗಾದರೆ ಹೆಗಲು ಇನ್ನೂ ನೋಯುತ್ತಿದೆ, ಸುಳ್ಳು ಹೇಳಲು ಆಗುವುದಿಲ್ಲ.

ಇನ್ನೊಂದು ವಿಷಯ. ಹಾವೇರಿಯಲ್ಲಿ ನಿಂತು ಪುಸ್ತಕ ಹೊತ್ತು ತಿರುಗುವುದರ ಬಗ್ಗೆ ಮಾತಾಡುವುದು ಅಂದರೆ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ಮಾರಿದ ಹಾಗೆ. ಗಳಗನಾಥರು ನಿಮ್ಮ ಜಿಲ್ಲೆಯವರು. ವೆಂಕಟೇಶ ತಿರಕೊ ಕುಲಕರ್ಣಿ ಅವರ ಹೆಸರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ಶಾಲೆಯ ಮಾಸ್ತರರಾಗಿದ್ದವರು. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವಂತವಾಗಿಯೂ ಬರೆದರು. ಇಲ್ಲೇ ಹತ್ತಿರದ ಅಗಡಿ ಆನಂದವನದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯ ಜೊತೆ ಅವರ ಹೆಸರು ಸೇರಿಕೊಂಡಿದೆ. ಬರೆದರು, ಅಚ್ಚು ಹಾಕಿಸಿದರು, ಆಮೇಲೆ ಗಂಟು ಕಟ್ಟಿ ಹೊತ್ತುಕೊಂಡು ಊರೂರಿಗೆ ನಡೆದು ಮಾರಿದರು. ನಾವು ಶಾಲೆಯಲ್ಲಿ ‘ಕನ್ನಡ ಕಾದಂಬರಿಯ ಪಿತಾಮಹ’ ಅಂತ ಒಂದು ಸಾಲು ಬರೆದು ಎರಡು ಮಾರ್ಕ್ಸ್ ತೆಗೆದುಕೊಂಡೆವು. ಆ ಗಂಟು ಎಷ್ಟು ಭಾರ ಇತ್ತು ಅಂತ ಯಾರೂ ಕೇಳಲಿಲ್ಲ. ನನ್ನ ಪುಸ್ತಕ 160 ಪುಟದ್ದು, ಸುಮಾರು 200 ಗ್ರಾಂ. 60 ಪ್ರತಿ ಅಂದರೆ 12 ಕೆಜಿ. ಬಸ್ಸಿದೆ, ಆಟೋ ಇದೆ. ಆದರೂ ಏದುಸಿರು.

ಇವತ್ತು ಬೆಳಗ್ಗೆ ಅವರ ಊರು ಗಳಗನಾಥಕ್ಕೇ ಹೋಗಿಬಂದೆ. ಆ ಕಥೆ ಕೊನೆಗೆ ಹೇಳುತ್ತೇನೆ.

‘ಬುಕ್ ಟೂರ್’ ಅನ್ನುವ ಮಾತು ಈಚೆಗೆ ನಮ್ಮಲ್ಲೂ ಜಾಸ್ತಿ ಕೇಳಿಸುತ್ತಿದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಇನ್ನೂ ಜಾಸ್ತಿ. ನಮ್ಮ ಪ್ರಕಾಶಕರೂ ಫೋನಿನಲ್ಲಿ “ಒಂದು ಟೂರ್ ಮಾಡಿ ಮೇಡಂ” ಅಂದರು. ಖರ್ಚು ಯಾರದು ಅಂತ ಕೇಳಿದೆ. ನೆಟ್‌ವರ್ಕ್ ಹೋಯಿತು.

ನನಗೆ ಆ ಪದಕ್ಕಿಂತ ‘ತಿರುಗಾಟ’ ಅನ್ನುವುದು ಇಷ್ಟ. ಯಕ್ಷಗಾನ ಮೇಳದವರು ಮೊದಲಿಂದಲೂ ಆಡುವ ಮಾತು ಅದು. ಮಳೆಗಾಲ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಟರೆ ಮುಂದಿನ ಮಳೆ ಬರುವವರೆಗೆ ಊರಿಂದ ಊರಿಗೆ. ನಮ್ಮ ಸಾಗರದ ಪಕ್ಕದ ಹೆಗ್ಗೋಡಿನ ನೀನಾಸಂ 1985ರಲ್ಲಿ ನಾಟಕಕ್ಕೆ ಅದೇ ಹೆಸರಿಟ್ಟುಕೊಂಡು ತಿರುಗಾಟ ಶುರುಮಾಡಿತು. ಚಿಕ್ಕವಳಿದ್ದಾಗ ನಾನು ನಾಟಕಕ್ಕಿಂತ ಜಾಸ್ತಿ ನೋಡಿದ್ದು ಅವರು ಸಾಮಾನು ಇಳಿಸುವುದನ್ನು. ಈಗ ಪೆಟ್ಟಿಗೆ ಹೊತ್ತು ತಂದವನು ಇನ್ನು ಮೂರು ಗಂಟೆಗೆ ರಾಜನಾಗಿ ಬರುತ್ತಾನೆ. ಆಟ ಮುಗಿದ ಮೇಲೆ ಅದೇ ರಾಜ ಹಗ್ಗ ಸುತ್ತುತ್ತಾನೆ. ಬರೆಯುವವರಿಗೂ ಇದು ಅನ್ವಯಿಸುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಹಾಗಾದರೆ ಪುಸ್ತಕ ಬಿಡುಗಡೆ ಅಂತ ಒಂದು ಇದೆಯಲ್ಲ, ಅದು ಸಾಲದಾ ಅಂತ ಕೇಳಬಹುದು. ನನ್ನ ಹಿಂದಿನ ಎರಡು ಪುಸ್ತಕಗಳಿಗೆ ಬಿಡುಗಡೆ ಮಾಡಿದ್ದೆ. ಪ್ರಾರ್ಥನೆ, ಸ್ವಾಗತ, ದೀಪ, ಐದು ಜನ ಗಣ್ಯರು. ಬಣ್ಣದ ಕಾಗದ ಸುತ್ತಿದ ಪುಸ್ತಕವನ್ನು ಬಿಚ್ಚಿ, ಎದೆಯ ಮುಂದೆ ಹಿಡಿದು, ಫೋಟೋಗ್ರಾಫರ್ “ಸ್ವಲ್ಪ ಮೇಲೆ ಸಾರ್” ಅಂದಾಗ ಮೇಲೆತ್ತಿ ನಿಲ್ಲುವುದು. ಶಾಲು, ಹಾರ, ಹಣ್ಣಿನ ಬುಟ್ಟಿ. ಅಧ್ಯಕ್ಷರು ತಮ್ಮ ಕಾಲೇಜು ದಿನಗಳ ಬಗ್ಗೆ 40 ನಿಮಿಷ ಮಾತಾಡಿದರು. ನನ್ನ ಸರದಿ ಬಂದಾಗ ಹೊರಗಿನಿಂದ ಉಪ್ಪಿಟ್ಟಿನ ವಾಸನೆ ಒಳಗೆ ಬರುತ್ತಿತ್ತು, ಒಳಗಿನವರು ಹೊರಗೆ ಹೋಗುತ್ತಿದ್ದರು. ಅವತ್ತು ಆ ಪುಸ್ತಕದ ಒಂದೇ ಒಂದು ಸಾಲನ್ನೂ ಯಾರೂ ಓದಲಿಲ್ಲ. ನಾನೂ ಓದಲಿಲ್ಲ. ಕತೆಯನ್ನು ಬಿಟ್ಟು ಉಳಿದೆಲ್ಲ ಬಿಡುಗಡೆಯಾಯಿತು.

ಅದಕ್ಕೇ ಈ ಸಲ ಸಂಘಟಕರಿಗೆಲ್ಲ ಒಂದೇ ಷರತ್ತು ಹಾಕಿದೆ. ವೇದಿಕೆಯ ಮೇಲೆ ಒಂದೇ ಕುರ್ಚಿ. ಹಾರ ಬೇಡ. (ಹಾವೇರಿಗೆ ಬರುವಾಗ ಇದೊಂದು ತಪ್ಪಾಯಿತು. ಇಲ್ಲಿ ಏಲಕ್ಕಿ ಹಾರ ಹಾಕುತ್ತಾರೆ ಅನ್ನುವುದು ಷರತ್ತು ಹಾಕುವಾಗ ನೆನಪಿರಲಿಲ್ಲ.)

ಈಗ ತಯಾರಿ. ನಾನು ಅಂದುಕೊಂಡಿದ್ದು ತಯಾರಿ ಅಂದರೆ ಪೋಸ್ಟರ್, ಊರಿನ ಪಟ್ಟಿ, ಬಸ್ಸಿನ ಟೈಮು. ಅದೆಲ್ಲ ಒಂದು ವಾರದ ಕೆಲಸ. ನಿಜವಾಗಿ ಎರಡು ತಿಂಗಳು ಹಿಡಿದದ್ದು ಬೇರೆ: ಏನು ಓದುವುದು, ಹೇಗೆ ಓದುವುದು.

ನಮ್ಮ ಮನೆಯಲ್ಲಿ ಅಡಿಕೆ ತೋಟ ಇದೆ, ಸಣ್ಣದು. ಕೊನೆಕೊಯ್ಲು ಆದ ಮೇಲೆ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ. ಈಗ ಯಂತ್ರ ಬಂದಿದೆ. ನಮ್ಮಲ್ಲಿಗೆ ಇನ್ನೂ ಬಂದಿಲ್ಲ. ಏಳೆಂಟು ಹೆಂಗಸರು ಸಾಲಾಗಿ ಕೂರುತ್ತಾರೆ. ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕಾಯನ್ನು ಕತ್ತಿಗೆ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಚಕ್, ಚಕ್, ಚಕ್. ಏಳೆಂಟು ಕತ್ತಿಯ ಸದ್ದು ಸೇರಿದರೆ ಮಳೆ ಹನಿ ಹೆಂಚಿಗೆ ಬಿದ್ದ ಹಾಗೆ. ಡಬ್ಬಿ ಲೆಕ್ಕದಲ್ಲಿ ಕೂಲಿ, ಹಾಗಾಗಿ ಕೈ ನಿಲ್ಲುವುದಿಲ್ಲ. ಬಾಯಿಯೂ ನಿಲ್ಲುವುದಿಲ್ಲ. ಊರಿನ ಸುದ್ದಿಯೆಲ್ಲ ಅಲ್ಲೇ ಸುಲಿಯುವುದು.

ಡಿಸೆಂಬರ್ ತಿಂಗಳಲ್ಲಿ ಒಂದು ರಾತ್ರಿ ನಾನು ಪುಸ್ತಕ ಹಿಡಿದು ಅಲ್ಲಿ ಹೋಗಿ ಕೂತೆ. “ನಿಮಗೊಂದು ಕತೆ ಓದ್ತೇನೆ, ಕೇಳಿ” ಅಂದೆ. “ಓದಿ ಓದಿ, ನಿದ್ದೆ ಬರ್ದೇ ಇದ್ರೆ ಸಾಕು” ಅಂದರು. ನನಗೆ ಬಹಳ ಇಷ್ಟವಾದ ಕತೆಯನ್ನೇ ಆರಿಸಿಕೊಂಡೆ. ಅದರ ಮೊದಲ ವಾಕ್ಯ ಹೀಗಿದೆ: “ಅಪ್ಪ ತೀರಿಕೊಂಡ ಮೇಲೆ ಮೊದಲ ಸಲ ಬೀಗ ತೆಗೆದ ಆ ಕೋಣೆಯೊಳಗೆ, ಕಿಟಕಿಯ ಸಂದಿಯಿಂದ ಬಿದ್ದ ಬೆಳಕಿನ ಕೋಲಿನಲ್ಲಿ ತೇಲುತ್ತಿದ್ದ ಧೂಳಿನ ನಡುವೆ, ಅವರು ಮಡಚಿಟ್ಟು ಹೋಗಿದ್ದ ಕಂಬಳಿಯ ಮೇಲೆ ಬೆಕ್ಕು ಮಲಗಿತ್ತು.” ಈ ವಾಕ್ಯಕ್ಕೆ ನಾನು ನಾಲ್ಕು ದಿನ ಕೂತಿದ್ದೇನೆ. ಓದಿ ತಲೆ ಎತ್ತಿದೆ. ಸಾಲಿನ ಕೊನೆಯಲ್ಲಿ ಕೂತವರು ಕೈ ನಿಲ್ಲಿಸದೆ ಹೇಳಿದರು, “ಬೆಕ್ಕು ಅಂತ ಮೊದ್ಲೇ ಹೇಳ್ಬಾರ್ದಾ? ನಾನು ಹೆಣ ಅಂದ್ಕಂಡೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ. ಕಣ್ಣಲ್ಲಿ ಓದುವವರಿಗೆ ತೊಂದರೆ ಇಲ್ಲ, ಒಂದೇ ನೋಟಕ್ಕೆ ಕೊನೆಯೂ ಕಾಣುತ್ತದೆ. ಬೇಕಾದರೆ ಹಿಂದೆ ಹೋಗಬಹುದು. ಕಿವಿಯಲ್ಲಿ ಕೇಳುವವರು ಕೋಣೆ, ಕಿಟಕಿ, ಬೆಳಕು, ಧೂಳು, ಕಂಬಳಿ ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡು ಕಾಯಬೇಕು. ಏನಾಯಿತು ಅಂತ ತಿಳಿಯುವಷ್ಟರಲ್ಲಿ ಕೈ ಸೋತು ಅರ್ಧ ಕೆಳಗೆ ಬಿದ್ದಿರುತ್ತದೆ. ಕಾಯುವಾಗ ಮನಸ್ಸು ಸುಮ್ನೆ ಇರುವುದಿಲ್ಲ, ತನಗೆ ಬೇಕಾದ್ದನ್ನು ಅಲ್ಲಿ ಮಲಗಿಸುತ್ತದೆ. ಅವರ ಕಂಬಳಿಯ ಮೇಲೆ ಹೆಣ ಮಲಗಿತು.

ಮರುದಿನ ಪೆನ್ಸಿಲ್ ತೆಗೆದುಕೊಂಡು ಅಚ್ಚಾದ ಪುಸ್ತಕದ ಮೇಲೆ ಗೀಚಿದೆ. “ಅಪ್ಪ ಹೋದ ಮೇಲೆ ಆ ಕೋಣೆಯ ಬೀಗ ತೆಗೆದದ್ದು ಅವತ್ತೇ. ಕಿಟಕಿಯಿಂದ ಒಂದು ಬೆಳಕಿನ ಕೋಲು. ಅಪ್ಪ ಮಡಚಿಟ್ಟ ಕಂಬಳಿ ಹಾಗೇ ಇತ್ತು. ಅದರ ಮೇಲೆ ಬೆಕ್ಕು.” ಧೂಳು ಹೋಯಿತು. ಬೇಜಾರಾಯಿತು, ಆ ಧೂಳು ನನಗೆ ಇಷ್ಟ ಇತ್ತು. ‘ಮಲಗಿತ್ತು’ ಕೂಡ ಹೋಯಿತು. ಬೆಕ್ಕು ಕಂಬಳಿಯ ಮೇಲೆ ಇನ್ನೇನು ಮಾಡುತ್ತದೆ?

ಹೀಗೆ ಹನ್ನೊಂದು ರಾತ್ರಿ ಓದಿದೆ. ‘ಎಂದಳು’, ‘ಎಂದನು’ ಮುಕ್ಕಾಲು ಪಾಲು ಹೊರಗೆ ಹೋದವು, ದನಿ ಬದಲಾಯಿಸಿದರೆ ಯಾರ ಮಾತು ಅಂತ ಗೊತ್ತಾಗುತ್ತದೆ. ಒಂದು ಕತೆಯಲ್ಲಿ ಮೂರು ಪುಟ ಬರೀ ಕಾಡಿನ ವರ್ಣನೆ ಇತ್ತು. ಅದನ್ನು ಓದುವಾಗ ಕತ್ತಿಯ ಸದ್ದು ಜೋರಾಯಿತು. ಅಂದರೆ ಕಿವಿ ನನ್ನ ಕಡೆ ಇಲ್ಲ, ಕೆಲಸ ಚುರುಕಾಗಿದೆ. ಇನ್ನೊಂದು ಕತೆಯಲ್ಲಿ ಅತ್ತೆ ಸೊಸೆ ಒಂದು ಸೌಟಿಗಾಗಿ ಹದಿನೈದು ದಿನ ಮಾತು ಬಿಡುತ್ತಾರೆ. ಅದು ಪುಸ್ತಕದಲ್ಲೇ ತೀರಾ ಸಾಧಾರಣ ಕತೆ ಅಂತ ನನ್ನ ಲೆಕ್ಕ. ಸೊಸೆ ಸೌಟನ್ನು ಬಾವಿಗೆ ಹಾಕುವ ಜಾಗ ಬಂದಾಗ ಒಂದು ಕತ್ತಿ ನಿಂತಿತು. ಆಮೇಲೆ ಇನ್ನೊಂದು. ಒಂದು ಪುಟ ಪೂರ್ತಿ ಅಂಗಳದಲ್ಲಿ ನನ್ನ ದನಿ ಬಿಟ್ಟರೆ ಏನೂ ಇಲ್ಲ. ಅಪ್ಪಟ ಮೌನ. ಒಳಗಿನಿಂದ ನನ್ನ ಗಂಡ ಕೂಗಿದರು, “ಹೀಗೆ ಓದಿದ್ರೆ ಅಡಿಕೆ ಸುಲಿದು ಮುಗಿಯೋದು ಯುಗಾದಿಗೇ.” ಯಾವ ವಿಮರ್ಶಕರೂ ನನಗೆ ಇಷ್ಟು ಒಳ್ಳೆಯ ಮಾತು ಹೇಳಿಲ್ಲ.

ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಇದನ್ನು ಮಾಡಬೇಕಿತ್ತು ಅಂತ ನಿಮಗೆ ಅನ್ನಿಸುತ್ತಿರಬಹುದು. ನನಗೂ ಅನ್ನಿಸಿದೆ. ಮುಂದಿನ ಪುಸ್ತಕಕ್ಕೆ ಆಯಿತು.

ಪೆನ್ಸಿಲ್ ಗುರುತಿನ ಆ ಪ್ರತಿ ಇಲ್ಲಿದೆ, ನೋಡಿ. ಹಿಂದಿನ ಸಾಲಿಗೆ ಕಾಣುವುದಿಲ್ಲ, ಆಮೇಲೆ ಬನ್ನಿ. ಅಂಚಿನಲ್ಲಿ ‘ನಿಲ್ಲು’, ‘ನೀರು’, ‘ಅವಸರ ಬೇಡ’ ಅಂತೆಲ್ಲ ಬರೆದುಕೊಂಡಿದ್ದೇನೆ. ನನ್ನದೇ ಉಪಾಯ ಅಂತ ಖುಷಿಪಟ್ಟಿದ್ದೆ. ಆಮೇಲೆ ತಿಳಿಯಿತು, ಚಾರ್ಲ್ಸ್ ಡಿಕನ್ಸ್ ನೂರೈವತ್ತು ವರ್ಷದ ಹಿಂದೆಯೇ ಇದನ್ನು ಮಾಡಿದ್ದ. 1858ರಲ್ಲಿ ಅವನು ದುಡ್ಡು ತೆಗೆದುಕೊಂಡು ತನ್ನ ಬರಹ ಓದುವ ಕಾರ್ಯಕ್ರಮ ಶುರುಮಾಡಿದ. ಕಾದಂಬರಿಯನ್ನು ಇದ್ದಂತೆ ಓದಲಿಲ್ಲ. ಓದುವುದಕ್ಕೆಂದೇ ಬೇರೆ ಪ್ರತಿ. ಅಗಲ ಅಂಚು ಬಿಟ್ಟು, ಕತ್ತರಿಸಿ, ಗೆರೆ ಎಳೆದು, ಅಂಚಿನಲ್ಲಿ ತನಗೆ ತಾನೇ ಸೂಚನೆ ಬರೆದುಕೊಂಡ. ಓದುವ ಮೇಜನ್ನು ತಾನೇ ಅಳತೆ ಹೇಳಿ ಮಾಡಿಸಿದ. ಹಿಂದೆ ಒಂದು ಪರದೆ, ಮುಖಕ್ಕೆ ಬೆಳಕು ಬೀಳಲು ಗ್ಯಾಸ್ ದೀಪ, ಆ ದೀಪ ನೋಡಿಕೊಳ್ಳಲು ಒಬ್ಬ ಆಳು. ಎಲ್ಲ ಜೊತೆಗೇ ಪ್ರಯಾಣ. ಮೇಳವೇ ಅಲ್ವಾ ಇದು? ಬಣ್ಣ ಹಚ್ಚಿಕೊಳ್ಳುವ ಚೌಕಿ ಒಂದು ಇರಲಿಲ್ಲ ಅಷ್ಟೆ. 1867ರ ನವೆಂಬರಿನಲ್ಲಿ ಅಮೆರಿಕಕ್ಕೆ ಹೋಗಿ ಮುಂದಿನ ಏಪ್ರಿಲ್ ಒಳಗೆ 76 ಸಲ ಓದಿದ. ಚಳಿಯಲ್ಲಿ ಜನ ರಾತ್ರಿಯಿಡೀ ಟಿಕೆಟಿಗೆ ಸಾಲು ನಿಂತರು. ಬ್ಲ್ಯಾಕ್‌ನಲ್ಲೂ ಟಿಕೆಟ್ ಮಾರಾಟವಾಯಿತು. ದುಡ್ಡು ಬಂತು, ಆರೋಗ್ಯ ಹೋಯಿತು. 1870ರಲ್ಲಿ ತೀರಿಕೊಂಡಾಗ 58 ವರ್ಷ. ತಿರುಗಿ ತಿರುಗಿಯೇ ಸವೆದ ಅನ್ನುವವರಿದ್ದಾರೆ. ನಮ್ಮ ಅಮ್ಮ ಈ ಕಥೆ ಕೇಳಿ ಚೀಲಕ್ಕೆ ಒಂದು ಪೊಟ್ಟಣ ಜ್ಯೇಷ್ಠಮಧು ಹಾಕಿದರು, ಗಂಟಲಿಗೆ.

ಸಾಲ ತೀರಿಸಲು ತಿರುಗಿದವನು ಮಾರ್ಕ್ ಟ್ವೇನ್. ಅಚ್ಚಿನ ಮೊಳೆ ಜೋಡಿಸುವ ಒಂದು ಯಂತ್ರಕ್ಕೆ ದುಡ್ಡು ಸುರಿದ, ಪ್ರಕಾಶನ ಬೇರೆ ಮುಳುಗಿತು, 1894ರಲ್ಲಿ ದಿವಾಳಿ. ಮರುವರ್ಷ ಜುಲೈಯಲ್ಲಿ ಹೆಂಡತಿ, ಮಗಳ ಜೊತೆ, ಊರೂರಲ್ಲಿ ಭಾಷಣ ಮಾಡುತ್ತಾ ಭೂಮಿ ಸುತ್ತಲು ಹೊರಟ. 1896ರ ಜನವರಿಯಲ್ಲಿ ಬೊಂಬಾಯಿಗೆ ಬಂದಿಳಿದ. ಪುಣೆ, ಬರೋಡ, ಅಲಹಾಬಾದ್, ಕಾಶಿ, ಕಲ್ಕತ್ತ ಅಂತ ಸುತ್ತಿದ. ನಮ್ಮ ಕಡೆ ತಲೆ ಹಾಕಲಿಲ್ಲ. 1898ರ ಹೊತ್ತಿಗೆ ಸಾಲವೆಲ್ಲ ಚುಕ್ತಾ.

ನನ್ನ ಲೆಕ್ಕ ಕೇಳಿ, ನಗಬಾರದು. ಪುಸ್ತಕದ ಬೆಲೆ 180 ರೂಪಾಯಿ. ಪ್ರಕಾಶಕರು ನನಗೆ 40 ಪರ್ಸೆಂಟ್ ಬಿಟ್ಟು 108ಕ್ಕೆ ಕೊಟ್ಟರು. 200 ಪ್ರತಿ ತೆಗೆದುಕೊಂಡೆ, 21,600 ರೂಪಾಯಿ. ಮಾರುವುದು 150ಕ್ಕೆ. ಪುಸ್ತಕಕ್ಕೆ 42 ರೂಪಾಯಿ ಉಳಿಯುತ್ತದೆ. ಇಲ್ಲಿಯವರೆಗೆ 40 ಹೋಗಿವೆ, ಅಂದರೆ 1,680 ರೂಪಾಯಿ. ದಾವಣಗೆರೆಯ ಲಾಡ್ಜು, ಊಟ, ಆಟೋ, ಪಾರ್ಸೆಲ್ಲು ಎಲ್ಲ ಇದರಲ್ಲೇ. ಟ್ವೇನ್ ಸಾಲ ತೀರಿಸಲು ಹೊರಟ. ನಾನು ಸಾಲ ಮಾಡಲು ಹೊರಟಿದ್ದೇನೆ ಅಂತ ನಮ್ಮ ಮನೆಯವರ ಅಭಿಪ್ರಾಯ.

ಪುಸ್ತಕವನ್ನು ಮುಂದಾಗಿ ಕಳಿಸುವುದು ಇನ್ನೊಂದು ತಲೆನೋವು. ಮೊದಲು ರಿಜಿಸ್ಟರ್ಡ್ ಬುಕ್ ಪೋಸ್ಟ್ ಅಂತ ಇತ್ತು, ಅಗ್ಗ. 2024ರ ಡಿಸೆಂಬರಿನಲ್ಲಿ ಅದು ನಿಂತಿತು. ಸಣ್ಣ ಪ್ರಕಾಶಕರೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂತು. 300 ಗ್ರಾಂಗೆ 20 ರೂಪಾಯಿಯಿಂದ ಶುರು, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ಧಾರವಾಡಕ್ಕೆ 100 ಪುಸ್ತಕ ಇದರಲ್ಲೇ ಕಳಿಸಿದೆ, 20 ಪುಸ್ತಕದ ಐದು ಕಟ್ಟು. ಶಿವಮೊಗ್ಗಕ್ಕೆ 80 ಪುಸ್ತಕವನ್ನು ಒಂದು ಖಾಸಗಿ ಪಾರ್ಸೆಲ್ಲಿನವರಿಗೆ ಕೊಟ್ಟೆ, “ನಾಳೆ ಬೆಳಗ್ಗೆ ಪಕ್ಕಾ” ಅಂದರು. ಕೈಯಲ್ಲಿ 20 ಇಟ್ಟುಕೊಂಡೆ.

ಮೊದಲ ದಿನ ಸಾಗರ. ಸ್ವಂತ ಊರು. 20ರಲ್ಲಿ 17 ಹೋದವು. ಆದರೆ ಅದು ಲೆಕ್ಕಕ್ಕಿಲ್ಲ, ಮದುವೆ ಮನೆಯ ಮುಯ್ಯಿ ಇದ್ದಂತೆ. ಅವರ ಮನೆ ಗೃಹಪ್ರವೇಶಕ್ಕೆ ನಾವು ಹೋಗಿದ್ದೆವು, ನಮ್ಮ ಪುಸ್ತಕಕ್ಕೆ ಅವರು ಬಂದರು. ಓದು ಮುಗಿದ ಮೇಲೆ ಒಬ್ಬರು ಎದ್ದು ಕೇಳಿದರು, “ಕತೆಯಲ್ಲಿ ಬರುವ ಆ ಅತ್ತೆ ನಿಮ್ಮ ತಾಯಿಯವರನ್ನು ನೋಡಿ ಬರೆದದ್ದಾ?” ನಾನು ಉತ್ತರ ಯೋಚಿಸುತ್ತಿದ್ದೆ. ಮೂರನೇ ಸಾಲಿನಿಂದ ಅಮ್ಮನೇ ಹೇಳಿದರು, “ನಾನಲ್ಲ. ನಮ್ಮಲ್ಲಿ ಬಾವಿಯೇ ಇಲ್ಲ.”

ಶಿವಮೊಗ್ಗದಲ್ಲಿ ಪಾರ್ಸೆಲ್ ಬಂದಿರಲಿಲ್ಲ. ನನ್ನ ಚೀಲದಲ್ಲಿ ಮೂರೇ ಪುಸ್ತಕ. ಎದುರಿಗೆ ಮೂವತ್ತು ಜನ. ಓದುವಾಗ ಕರೆಂಟ್ ಹೋಯಿತು. ಯಾರೋ ಮೊಬೈಲಿನ ಟಾರ್ಚ್ ಹಿಡಿದರು, ಇನ್ನೊಬ್ಬರೂ ಹಿಡಿದರು. ಡಿಕನ್ಸನ ಗ್ಯಾಸ್ ದೀಪದ ನೆನಪಾಯಿತು. ಮೈಕ್ ಇಲ್ಲದೆ ಓದಿದ್ದು ಅಲ್ಲೇ ಮೊದಲು, ನಿಜ ಹೇಳಬೇಕೆಂದರೆ ಅಲ್ಲೇ ಚೆನ್ನಾಗಿ ಆದದ್ದು. ಮುಗಿದ ಮೇಲೆ ಮೂರು ಪುಸ್ತಕ ಮೂರು ನಿಮಿಷದಲ್ಲಿ ಹೋದವು. ಹನ್ನೊಂದು ಜನ ನನ್ನ ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ದುಡ್ಡು ಕೊಟ್ಟು ಹೋದರು. ಪರಿಚಯವೇ ಇಲ್ಲದವರು! ಮರುದಿನ ಮಧ್ಯಾಹ್ನ ಪಾರ್ಸೆಲ್ ಬಂತು. ಅದರಲ್ಲಿ ಹನ್ನೊಂದು ತೆಗೆದು ಒಬ್ಬ ಹುಡುಗನ ಕೈಗೆ ಕೊಟ್ಟೆ, ಅವನು ಬೈಕಿನಲ್ಲಿ ಮನೆಮನೆಗೆ ಮುಟ್ಟಿಸಿದ. ಬರೆದವಳು ನಾನಾದರೂ ಶಿವಮೊಗ್ಗದ ಮಟ್ಟಿಗೆ ಗಳಗನಾಥರ ಕೆಲಸ ಮಾಡಿದ್ದು ಅವನು.

ಅಲ್ಲಿ ಇನ್ನೊಂದು ತಪ್ಪು ಮಾಡಿದೆ. ಸಹಿ ಹಾಕುವಾಗ ಹೆಸರು ಕೇಳಿದೆ, ‘ಹೇಮಾ’ ಅಂತ ಕೇಳಿಸಿತು. ‘ಪ್ರೀತಿಯ ಹೇಮಾ ಅವರಿಗೆ’ ಅಂತ ಬರೆದೆ. ಅವರು ಪ್ರೇಮಾ. ‘ಪರವಾಗಿಲ್ಲ’ ಅಂದರು, ಮುಖ ಹಾಗೆ ಹೇಳಲಿಲ್ಲ. ಈಗ ಚೀಟಿಯಲ್ಲಿ ಹೆಸರು ಬರೆಸಿಕೊಂಡೇ ಸಹಿ ಹಾಕುತ್ತೇನೆ. ಇಲ್ಲಿ ಹೇಮಾ ಅನ್ನುವವರು ಯಾರಾದರೂ ಇದ್ದರೆ ಒಂದು ಪ್ರತಿ ತಯಾರಾಗಿದೆ.

ದಾವಣಗೆರೆಯ ಕಥೆ ಹೇಳದೆ ಇರಲಾರೆ. ಅಲ್ಲಿ ಓದಲು ಒಂದು ಸಾವಿನ ಕತೆ ಆರಿಸಿದ್ದೆ. ನಮ್ಮ ಕಡೆ ಸೂತಕದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಕತೆಯ ನಡುವೆ ಒಂದು ಸಾಲು ಬರುತ್ತದೆ: “ಹದಿಮೂರು ದಿನ ಆ ಮನೆಯಲ್ಲಿ ಒಗ್ಗರಣೆ ಇಲ್ಲ.” ಸಾಗರದಲ್ಲಿ ಈ ಸಾಲಿಗೆ ಹೆಂಗಸರೊಬ್ಬರು ಕಣ್ಣೊರೆಸಿಕೊಂಡಿದ್ದರು. ದಾವಣಗೆರೆಯಲ್ಲಿ ಓದಿದೆ, ನಿಲ್ಲಿಸಿದೆ. ಪುಸ್ತಕದಲ್ಲೂ ‘ನಿಲ್ಲು’ ಅಂತ ಬರೆದುಕೊಂಡಿದ್ದೆ. ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ನನಗೆ ಕೈಕಾಲು ತಣ್ಣಗಾಯಿತು. ಆಮೇಲೆ ಒಬ್ಬ ಬಂದು ಕೈಮುಗಿದ. “ತಪ್ಪು ತಿಳ್ಕೋಬೇಡಿ ಮೇಡಂ, ನಮ್ಮಲ್ಲಿ ಒಗ್ಗರಣೆ ಅಂದ್ರೆ ಮಂಡಕ್ಕಿ ಒಗ್ಗರಣೆ. ಹದಿಮೂರು ದಿನ ಮಂಡಕ್ಕಿ ಇಲ್ದೆ ಹೆಂಗಿದ್ರು ಅನ್ನಿಸ್ತು.” ನಿಮಗೂ ನಗು ಬರುತ್ತಿದೆ, ಗೊತ್ತು. ಕಾರ್ಯಕ್ರಮ ಮುಗಿದ ಮೇಲೆ ಅವರೇ ಕರೆದುಕೊಂಡು ಹೋಗಿ ಒಗ್ಗರಣೆ, ಮೆಣಸಿನಕಾಯಿ ತಿನ್ನಿಸಿದರು. ಆ ಹುಡುಗರಲ್ಲೇ ಇಬ್ಬರು ಪುಸ್ತಕ ತೆಗೆದುಕೊಂಡರು.

ಮೂವತ್ತು ವರ್ಷದಿಂದ ಬರೆಯುತ್ತಿದ್ದೇನೆ. ನಾನು ಬರೆಯುವುದು ಕನ್ನಡ ಅಂದುಕೊಂಡಿದ್ದೆ. ಬರೆಯುವುದು ಸಾಗರ ತಾಲೂಕಿನ ಕನ್ನಡ ಅಂತ ಗೊತ್ತಾಗಲು ನೂರೈವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬರಬೇಕಾಯಿತು. ಆ ಸಾಲನ್ನು ಬದಲಾಯಿಸಬೇಕಾ? ಇಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಆದರೆ ಇವತ್ತು ಅದನ್ನು ಓದುವ ಮೊದಲು ಒಂದು ಮಾತು ಬಿಡಿಸಿ ಹೇಳುತ್ತೇನೆ. ಗಮಕದಲ್ಲಿ ಒಬ್ಬರು ವಾಚನ ಮಾಡಿದರೆ ಪಕ್ಕದಲ್ಲಿ ಇನ್ನೊಬ್ಬರು ವ್ಯಾಖ್ಯಾನಕ್ಕೆ ಕೂರುತ್ತಾರಲ್ಲ, ಹಾಗೆ. ಗದಗಿಗೆ ಹೋದಾಗ ಕುಮಾರವ್ಯಾಸನ ವೀರನಾರಾಯಣ ಗುಡಿಯಲ್ಲಿ ಕೂತು ಈ ವಿಷಯ ಇನ್ನಷ್ಟು ಯೋಚಿಸಬೇಕು.

ಎಲ್ಲ ಊರಿನಲ್ಲೂ ಬರುವ ಪ್ರಶ್ನೆ ಒಂದಿದೆ, ನೀವು ಕೇಳುವ ಮೊದಲೇ ಉತ್ತರ ಹೇಳುತ್ತೇನೆ. ಇಲ್ಲ, ಪಿಡಿಎಫ್ ಇಲ್ಲ.

ಈಗ ಬೆಳಗಿನ ಕಥೆ. ನಮ್ಮ ಸಾಗರದ ಹತ್ತಿರ ವರದಾಮೂಲ ಅಂತ ಜಾಗ ಇದೆ. ವರದಾ ನದಿ ಹುಟ್ಟುವುದು ಅಲ್ಲಿ. ಸಣ್ಣ ಕೊಳ. ಚಿಕ್ಕಂದಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಆ ನೀರು ಬನವಾಸಿ ದಾಟಿ, ನಿಮ್ಮ ಜಿಲ್ಲೆಯ ಹೊಲಗಳ ಪಕ್ಕ ಹಾದು, ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ನಮ್ಮೂರಿನ ನದಿ ಮುಗಿಯುವ ಜಾಗ ಗಳಗನಾಥರ ಊರು. ಇದು ನನಗೆ ಮ್ಯಾಪ್ ನೋಡುವಾಗ ಹೊಳೆಯಿತು. ಅದಕ್ಕೇ ಇವತ್ತು ಬೆಳಗ್ಗೆ ಬಸ್ ಹತ್ತಿದೆ. ಸುಮ್ನೆ ಹೋಗಲಿಲ್ಲ, ಒಂದು ಚೀಲ ಜೊತೆಗೆ ತೆಗೆದುಕೊಂಡೆ, 30 ಪುಸ್ತಕದ್ದು, 6 ಕೆಜಿ. ಬಸ್ಸಿಳಿದು ಗಳಗೇಶ್ವರ ಗುಡಿಯ ಕಡೆ ಹೊತ್ತುಕೊಂಡು ನಡೆದೆ. ಇನ್ನೂರು ಹೆಜ್ಜೆಗೆ ಹೆಗಲು ಬದಲಿಸಿದೆ. ಆಮೇಲೆ ನೂರಕ್ಕೆ. ಆಮೇಲೆ ಎಣಿಸುವುದು ಬಿಟ್ಟೆ.

ಗುಡಿ ನೋಡಿ, ನದಿ ಕಾಣುವ ಕಡೆ ಕೂತೆ. ಯಾರೂ ಇರಲಿಲ್ಲ. ಸಂಜೆಗೆ ಅಭ್ಯಾಸ ಆಗಲಿ ಅಂತ ಪುಸ್ತಕ ತೆಗೆದು ಸೌಟಿನ ಕತೆಯನ್ನು ಮೆಲ್ಲಗೆ ಓದತೊಡಗಿದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ದನಿ. ಎಮ್ಮೆ ಮೇಯಿಸುವ ಒಬ್ಬ ಹಿರಿಯರು, ಹೆಗಲ ಮೇಲೆ ಟವೆಲ್ಲು.

“ಯಾರ ಜೋಡಿ ಮಾತಾಡಾಕತ್ತೀರಿ?”

“ಯಾರ ಜೊತೆಯೂ ಇಲ್ಲ, ಕತೆ ಓದ್ತಿದ್ದೇನೆ.”

“ಹೌದನು? ಮತ್ತ ಜೋರಾಗಿ ಓದ್ರಿ. ಅಕಿ ಸೌಟು ಏನ್ ಮಾಡಿದ್ಲು, ನನಗ ಕೇಳ್ಸಲಿಲ್ಲ.”

ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಆ ಫ್ಯಾನ್ ಒಂದು ನಿಲ್ಲಿಸಿದರೆ ಒಳ್ಳೆಯದು. ಪುಟ 43.